ಬದನೇಕಾಯಿ ಬಣ್ಣದ ಆನೆ

ಕೊಳ್ಳೇಗಾಲ
ಭಾನುವಾರ, ಬೆಳಿಗ್ಗೆ

ನನ್ನ ಮೇಲೆ ಮುನಿಸಿಕೊಂಡು ಕೂತಿರುವ ಪ್ರೇಮತ್ತೆಗೆ, ಎರಡು ಬೀದಿ ಆಚೆಯಿಂದ ನಿನ್ನ ರಂಜನಿ ಮಾಡುವ ನಮಸ್ಕಾರಗಳು.

ಇತ್ತ ಕಡೆ ಕ್ಷೇಮ, ಅತ್ತ ಕಡೆಯ ಕ್ಷೇಮಕ್ಕೆ ಕಾಗದ ಬರೆಯುವುದು ಎಂದು ಮೊದಲ ಸಾಲು ಇರಬೇಕು ಅಂತ ನೀನೇ ನನಗೆ ಕಲಿಸಿದ್ದು. ಆದರೆ ಅತ್ತ ಕಡೆಯ ಸಮಾಚಾರ ನನಗೆ ದಿನವೂ ಮಧ್ಯಾಹ್ನ ಒಂದು ಗಂಟೆಗೆ ತಪ್ಪದೆ ಬರುತ್ತಿದೆ. ನಿನ್ನ ಬಣ್ಣದ ಮನೆಯಲ್ಲಿ ಬಣ್ಣಕ್ಕೆ ಅದ್ದಿದ ರೇಷ್ಮೆ ನೂಲಿನ ಲಡಿ ಹಿಂಡುವ ಪುಟ್ಟಮಲ್ಲಮ್ಮ ಊಟದ ಡಬ್ಬಿ ತಂದು ನನ್ನ ಮೇಜಿನ ಮೇಲೆ ಕುಕ್ಕಿ, "ನಿಮ್ಮತ್ತೆ ಏನೂ ಏಳ್ಬೇಡ ಅಂದವ್ರೆ, ಅದ್ಕೆ ನಾನೇನೂ ಏಳಕಿಲ್ಲ" ಎಂದು ಶುರುಮಾಡಿ, ಅರ್ಧ ಗಂಟೆ ಕೂತು ಎಲ್ಲವನ್ನೂ ಹೇಳಿಯೇ ಹೋಗುತ್ತಾಳೆ. ನೀನು ಮಾತು ಬಿಟ್ಟು ಇವತ್ತಿಗೆ ಹತ್ತೊಂಬತ್ತು ದಿನ. ಸಾರು ಕಳಿಸುವುದನ್ನು ಮಾತ್ರ ಒಂದು ದಿನವೂ ಬಿಟ್ಟಿಲ್ಲ. ಮುನಿಸಿನಲ್ಲಿ ಮಾಡಿದ ಸಾರಿಗೆ ಒಗ್ಗರಣೆ ಇನ್ನೂ ಚೆನ್ನಾಗಿ ಬೀಳುತ್ತದೆ ಎಂದು ನನ್ನ ಜೊತೆ ಕೆಲಸ ಮಾಡುವ ಚನ್ನಬಸವ ಹೇಳುತ್ತಾನೆ. ಅವನಿಗೂ ಅದರಲ್ಲಿ ಪಾಲಿದೆಯಲ್ಲ.

ವಿಷಯಕ್ಕೆ ಬರುತ್ತೇನೆ. ನಾಡಿದ್ದು ಮಂಗಳವಾರ ಯಳಂದೂರಿನ ಕಣ್ಣಿನ ಆಸ್ಪತ್ರೆಯಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಅಲ್ಲಿನ ಡಾಕ್ಟರಮ್ಮ ನಿನ್ನನ್ನು ಇನ್ನೂ ನೋಡಿಲ್ಲ, ನಾನು ಹೇಳಿದ್ದು ಕೇಳಿಯೇ ಎರಡು ಕಣ್ಣಿಗೂ ಪೊರೆ ಬಂದಿರಬೇಕು ಎಂದರು. ಪರೀಕ್ಷೆಯಲ್ಲಿ ಖಚಿತವಾದರೆ ಅದೇ ವಾರ ಮೊದಲು ಬಲಗಣ್ಣಿಗೆ ಆಪರೇಶನ್. ನೀನು ಬರುವುದಿಲ್ಲ ಎಂದು ಪುಟ್ಟಮಲ್ಲಮ್ಮನ ಕೈಲಿ ಹೇಳಿಕಳಿಸಿದ್ದೀಯ. ನಾನೇ ಬಂದು ಬಾಗಿಲಲ್ಲಿ ನಿಂತರೆ ಹಂಡೆಯ ಕೆಳಗೆ ಹಸಿ ಸೌದೆ ತುರುಕಿ ಹೊಗೆ ಎಬ್ಬಿಸುತ್ತೀಯ. ಅದಕ್ಕೇ ಈ ಕಾಗದ. ಒಲೆಗೆ ಹಾಕುವ ಮೊದಲು ದಯವಿಟ್ಟು ಪೂರ್ತಿ ಓದು. ನಿನಗೆ ಅನುಕೂಲವಾಗಲಿ ಅಂತ ದಪ್ಪ ಮೊನೆಯ ಪೆನ್ನು ತರಿಸಿ, ಒಂದನೇ ಕ್ಲಾಸಿನ ಮೇಷ್ಟರ ಹಾಗೆ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಈ ಹೊತ್ತಿಗೇ ಒಂದು ಹಾಳೆ ಎರಡೂ ಬದಿ ತುಂಬಿದೆ.

ಅವತ್ತು ನಾನು ಆಡಿದ ಮಾತು ತಪ್ಪು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಹೇಗೆ ತಪ್ಪು ಎನ್ನುವುದನ್ನು ಹೇಳಬೇಕಾದರೆ ಹಿಂದಿನಿಂದ ಬರಬೇಕು. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆದರೆ ಬೇಜಾರು ಮಾಡಿಕೊಳ್ಳಬೇಡ.

ಅಪ್ಪ ಅಮ್ಮ ರೇಷ್ಮೆಗೂಡಿನ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ ಕಾಲದಲ್ಲಿ ನಾನು ಬೆಳೆದದ್ದು ನಿನ್ನ ಬಣ್ಣದ ಹಂಡೆಗಳ ನಡುವೆ. ಯಾರ ಮನೆಯ ಮಕ್ಕಳಿಗೂ ಹಬ್ಬಕ್ಕೆ ಒಂದು ಬಣ್ಣದ ಬಟ್ಟೆ, ನನ್ನ ಅಂಗೈ ಮಾತ್ರ ದಿನಕ್ಕೊಂದು ಬಣ್ಣ. ಶಾಲೆಯಲ್ಲಿ ಏಳು ಬಣ್ಣ ಎಂದು ಹೇಳಿಕೊಟ್ಟರೆ ನಾನು ಎದ್ದು ನಿಂತು, ನಮ್ಮತ್ತೆ ಹತ್ತಿರ ಹಸಿರೇ ಹನ್ನೊಂದಿವೆ ಎಂದಿದ್ದೆನಂತೆ. ಗಿಳಿ ಹಸಿರು, ಬಾಳೆ ಸುಳಿ ಹಸಿರು, ಹುಣಸೆ ಚಿಗುರು. ಹೆಸರುಗಳನ್ನೆಲ್ಲ ನೀನು ಅನ್ನ ಕಲಸುತ್ತಾ ಹೇಳಿಕೊಟ್ಟಿದ್ದೆ.

ಆ ಎರಡು ಲಡಿಯ ಪರೀಕ್ಷೆ ನೆನಪಿದೆಯಾ? ನಿನ್ನ ಬಣ್ಣದ ಮನೆಯ ಪದ್ಧತಿ ಅದು. ಹಂಡೆಗೆ ಕೈ ಹಾಕುವ ಮೊದಲು ಯಾರೇ ಆಗಲಿ ಆ ಪರೀಕ್ಷೆಗೆ ಕೂರಬೇಕು. ಒಂದು ಲಡಿ ಬಣ್ಣವೇ ಕಾಣದ ಬಿಳಿ ರೇಷ್ಮೆ. ಇನ್ನೊಂದು ಅರಿಶಿನದ ನೀರಿನಲ್ಲಿ ಒಂದೇ ಒಂದು ಸಲ ಅದ್ದಿ ತೆಗೆದು ಒಣಗಿಸಿದ್ದು. ಎರಡನ್ನೂ ಹಗಲು ಬೆಳಕಿಗೆ ಹಿಡಿದು ಯಾವುದು ಬಿಳಿ ಎಂದು ಹೇಳಬೇಕು. ನಿನಗೆ ಕಸುಬು ಕಲಿಸಿದ ಕೆಂಪನಂಜಪ್ಪಜ್ಜ ನಿನ್ನನ್ನು ಹಾಗೆ ಕೂರಿಸಿದ್ದರಂತೆ, ನೀನು ನನ್ನನ್ನು ಏಳನೇ ವಯಸ್ಸಿನಲ್ಲಿ ಕೂರಿಸಿದೆ. ನಾನು ಬುದ್ಧಿವಂತೆ, ಎರಡನ್ನೂ ಮೂಸಿ ನೋಡಿದೆ. "ಮೂಗಲ್ಲಿ ಅಲ್ಲ ಕಣೆ ಕಳ್ಳಿ, ಕಣ್ಣಲ್ಲಿ ಏಳು" ಎಂದು ನೀನು ನನ್ನ ಮೂಗು ಹಿಡಿದುಕೊಂಡೆ. ಮೂಗು ಹಿಡಿಸಿಕೊಂಡೇ ನಾನು ಸರಿಯಾದ ಲಡಿ ತೋರಿಸಿದೆ. ನೀನು ಬೀದಿಗೆ ಕೇಳುವಂತೆ, "ಇವ್ಳಿಗೆ ಕಣ್ಣದೆ" ಎಂದೆ. ಆಮೇಲೆ ನಾನು ಓದಿ ಎಷ್ಟು ಸರ್ಟಿಫಿಕೇಟ್ ತಂದರೂ ಆ ಒಂದು ಮಾತಿಗೆ ಸಮವಾದದ್ದು ಇನ್ನೊಂದಿಲ್ಲ.

ನಿನ್ನ ಇನ್ನೆರಡು ಕಟ್ಟಳೆಗಳೂ ನನಗೆ ಬಾಯಿಪಾಠ. ಬಿಳಿ ಲಡಿಯೊಂದು ಸದಾ ಹೆಗಲ ಮೇಲೆ ಇರಬೇಕು, ಯಾವ ಬಣ್ಣ ನೋಡಿದರೂ ಮೊದಲು ಅದನ್ನು ನೋಡಿ ಕಣ್ಣು ತೊಳೆದುಕೊಳ್ಳಬೇಕು. ದೀಪ ಹಚ್ಚಿದ ಮೇಲೆ ಬಣ್ಣದ ಮಾತಿಲ್ಲ. ಸಂಜೆ ಏಳಕ್ಕೆ ಬಂದ ಸೀರೆ ವ್ಯಾಪಾರಿಗಳನ್ನು ನೀನು ಕಾಫಿ ಕುಡಿಸಿ ವಾಪಸ್ ಕಳಿಸುತ್ತಿದ್ದೆ, ಲಡಿ ಮಾತ್ರ ತೋರಿಸುತ್ತಿರಲಿಲ್ಲ. "ರಾತ್ರಿಯೊತ್ತು ಬಣ್ಣ ನಿದ್ದೆ ಮಾಡ್ತದೆ, ಎಬ್ಬುಸ್ಬಾರ್ದು" ಎನ್ನುತ್ತಿದ್ದೆ.

ಅಂಥವಳ ಮನೆಯಲ್ಲಿ ಬೆಳೆದು ನಾನು ಹಿಡಿದ ಕೆಲಸ ನೋಡು, ರಾತ್ರಿಯ ಬಣ್ಣಗಳನ್ನು ಎಬ್ಬಿಸುವುದು. ಕತ್ತಲಲ್ಲಿ ಕಾಣುವ ಕನ್ನಡಕಗಳು ಹಿಂದಿನಿಂದಲೂ ಇವೆ, ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಎಲ್ಲವೂ ಒಂದೇ ಹಸಿರು, ಇಲ್ಲವೇ ಕಪ್ಪು ಬಿಳುಪು. ಹನೂರು ಕಡೆಯ ಕಾಡಿನ ವಾಚರ್ ಜಡಯ್ಯ ನನಗೆ ಅದರ ಕಷ್ಟ ಹೇಳಿದ್ದು ಒಂದೇ ಮಾತಲ್ಲಿ. "ಅದ್ರಲ್ಲಿ ನೋಡುದ್ರೆ ಬಂಡೆನೂ ಒಂದೇ, ಆನೆನೂ ಒಂದೇ ಕಣವ್ವ. ನಮ್ ಆನೆ ಮಣ್ ಎರ್ಚ್ಕೊಂಡು ಕೆಂಪಗಿರ್ತದೆ, ಬಂಡೆ ಕಪ್ಪಗಿರ್ತದೆ. ಬಣ್ಣ ಕಂಡ್ರೆ ದೂರ್ದಿಂದ್ಲೇ ತಿರಿಕ್ಕಂಡ್ ಓಗ್ಬೋದು." ಸೋಲಿಗರ ಜಡಯ್ಯನಿಗೆ ಕಾಡು ಅಂಗೈ ಇದ್ದ ಹಾಗೆ. ಆತನೇ ಹಾಗೆಂದ ಮೇಲೆ ನಾನೂ ಚನ್ನಬಸವನೂ ಗೂಡಿನ ಮಾರುಕಟ್ಟೆ ಹಿಂದಿನ ಬೀದಿಯಲ್ಲಿ ಈ ಮಹಡಿ ಬಾಡಿಗೆ ಹಿಡಿದು ಮೂರು ವರ್ಷ ಕೂತೆವು.

ನಕ್ಷತ್ರದ ಬೆಳಕಿನಲ್ಲೂ ಬಣ್ಣ ಇರುತ್ತದೆ ಅತ್ತೆ, ಚಿಟಿಕೆಯಷ್ಟು. ಕ್ಯಾಮೆರಾದ ಕಣ್ಣಿಗೆ ಆ ಚಿಟಿಕೆ ಬಿದ್ದಾಗ ಚಿತ್ರದ ತುಂಬಾ ರಾಗಿ ಎರಚಿದ ಹಾಗೆ ಚುಕ್ಕಿ. ಯಾವುದು ನಿಜವಾದ ಕೆಂಪು, ಯಾವುದು ಸುಳ್ಳು ಚುಕ್ಕಿ ಎಂದು ತಿಳಿಯುವುದಿಲ್ಲ. ಒಂದು ವರ್ಷ ನಾವು ಆ ಚುಕ್ಕಿಗಳನ್ನೇ ನೋಡಿಕೊಂಡು ಕೂತಿದ್ದೆವು. ಆಮೇಲೊಂದು ದಿನ ನೀನು ಮದುವೆ ಸೀರೆಯ ಕುಂಕುಮ ಬಣ್ಣಕ್ಕೆ ಲಡಿಯನ್ನು ಅದ್ದಿ, ಎತ್ತಿ, ಮತ್ತೆ ಅದ್ದಿ, ಹದಿನಾಲ್ಕು ಸಲ ಮಾಡುತ್ತಿದ್ದೆ. ಒಂದೇ ಸಲ ಅದ್ದಿದರೆ ಬಣ್ಣ ಕೂರುವುದಿಲ್ಲ, ಸಲಸಲಕ್ಕೂ ಒಂದೊಂದು ಪದರ ಕೂರುತ್ತದೆ ಎಂದು ಪುಟ್ಟಮಲ್ಲಮ್ಮನಿಗೆ ಬೈದುಕೊಂಡೇ ಹೇಳುತ್ತಿದ್ದೆ. ನಾನು ತಿನ್ನುತ್ತಿದ್ದ ಚಕ್ಕುಲಿ ಬಿಟ್ಟು ಓಡಿದೆ. ಈಗ ನಮ್ಮ ಕನ್ನಡಕ ಮಾಡುವುದೂ ಅದನ್ನೇ. ಒಂದು ಕ್ಷಣದಲ್ಲಿ ಹತ್ತಾರು ಮಸಕು ಚಿತ್ರ ತೆಗೆದು ಒಂದರ ಮೇಲೊಂದು ಹಾಸುತ್ತದೆ. ತಲೆ ತಿರುಗಿಸಿದರೆ ಚಿತ್ರಗಳನ್ನೂ ಸರಿಸಿ ಹೊಂದಿಸುತ್ತದೆ. ನಿಜವಾದ ಬಣ್ಣ ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಇರುತ್ತದೆ, ಸುಳ್ಳು ಚುಕ್ಕಿ ಜಾಗ ಬದಲಿಸುತ್ತದೆ. ನಿಂತದ್ದು ಉಳಿಯುತ್ತದೆ, ಕುಣಿದದ್ದು ಅಳಿಯುತ್ತದೆ. ಆ ಪ್ರೋಗ್ರಾಮಿಗೆ ನಾವು ಇಟ್ಟ ಹೆಸರು 'ಅದ್ದು'.

ಮೊದಲ ಕನ್ನಡಕ ಎಷ್ಟು ಭಾರ ಇತ್ತೆಂದರೆ ಚನ್ನಬಸವ ಅದನ್ನು ಹಾಕಿಕೊಂಡು ಬಗ್ಗಿದವನು ಮೇಲೇಳಲಿಲ್ಲ. ಈಗ ಬ್ಯಾಟರಿ ಸೇರಿ ಅರ್ಧ ಕೇಜಿ. ಹಣೆಗೆ ಒತ್ತದಂತೆ ರೇಷ್ಮೆ ಚಿಂದಿಯ ಮೆತ್ತೆ ಹೊಲಿದುಕೊಟ್ಟವಳು ನೀನು. ಕನ್ನಡಕ ಸಿದ್ಧವಾದ ಮೇಲೆ ಉಳಿದದ್ದು ಒಂದೇ ಕೆಲಸ, ಬಣ್ಣದ ಹದ ಹಿಡಿಯುವುದು. ಕೆಂಪು, ಹಸಿರು, ನೀಲಿ ಮೂರನ್ನೂ ಯಾವ ಪ್ರಮಾಣದಲ್ಲಿ ತೋರಿಸಿದರೆ ಬಿಳಿ ಬಿಳಿಯಾಗಿ ಕಾಣುತ್ತದೆ ಎಂದು ಗೊತ್ತುಮಾಡುವುದು. ಅದಕ್ಕೊಂದು ಮೀಟರ್ ಇದೆ. ಚನ್ನಬಸವ ಅದನ್ನು ತಂದೂ ಇಟ್ಟಿದ್ದ. ನಾನು ಅವನ ಕಡೆ ನೋಡಿ ನಕ್ಕುಬಿಟ್ಟೆ. ಕೊಳ್ಳೇಗಾಲದಲ್ಲಿ ನಮ್ಮತ್ತೆ ಇರುವಾಗ ಬಿಳಿ ಯಾವುದು ಎಂದು ಪೆಟ್ಟಿಗೆಯನ್ನು ಕೇಳಬೇಕಾ?

ಅವತ್ತು ರಾತ್ರಿ ನೀನು ನನಗೋಸ್ಕರ, ಕಸುಬು ಹಿಡಿದ ದಿನದಿಂದ ಪಾಲಿಸಿದ ಕಟ್ಟಳೆ ಮುರಿದೆ. ಅಮಾವಾಸ್ಯೆಯ ಹಿಂದಿನ ದಿನ, ಹಿತ್ತಿಲ ಬಿದಿರು ಗಳದ ಮೇಲೆ ನಿನ್ನ ಬಿಳಿ ಲಡಿ ಹಾಕಿ, ದೀಪ ಎಲ್ಲ ಆರಿಸಿ, ಕನ್ನಡಕ ಕಟ್ಟಿಕೊಂಡು ಕಲ್ಲಿನ ಮೇಲೆ ಕೂತೆ. "ನಂಜಪ್ಪಜ್ಜ ನೋಡುದ್ರೆ ಸೌದೆ ತಕಂಡು ಒಡಿತಿದ್ರು" ಎಂದೆ. ಆಮೇಲೆ ಕತ್ತಲೊಳಗೆ ನೀನು ಕಲ್ಲಿನಿಂದ ಎದ್ದದ್ದು ಕೇಳಿಸಿತು. ಹಿತ್ತಿಲ ದಾಸವಾಳ ಕೆಂಪಗೆ ಕಂಡಿತಂತೆ. "ಅಯ್ಯೋ ಇದು ಎಚ್ಚರವಾಗೇ ಅದೆ" ಎಂದು ಮೆಲ್ಲಗೆ ಹೇಳಿದೆ. ನನ್ನ ಮೂರು ವರ್ಷದ ಕೆಲಸಕ್ಕೆ ಆ ಮಾತು ಸಾಕಾಗಿತ್ತು. ಆಮೇಲೆ ನಾನು ತಿರುಪು ತಿರುಗಿಸುತ್ತಾ ಹೋದೆ, ನೀನು "ಇನ್ನೊಸಿ ನೀಲಿ, ಇನ್ನೊಸಿ" ಎನ್ನುತ್ತಾ ಹೋದೆ. ಕೊನೆಗೆ "ಈಗ ಬಿಳಿ" ಎಂದೆ. ಆಮೇಲೆ ನಾನು ಹೆಸರು ಹೇಳಿ ಗಳಕ್ಕೆ ಹಾಕಿದ ಇಪ್ಪತ್ತು ಬಣ್ಣದ ಲಡಿಗಳಿಗೂ ನೀನು ಒಂದೊಂದಾಗಿ ಹೀಗೇ ಹದ ಹೇಳಿದೆ. ನಾನು ಮೂರು ಕನ್ನಡಕಕ್ಕೂ ನಿನ್ನ ಹದವನ್ನೇ ಹಾಕಿ ಭದ್ರ ಮಾಡಿದೆ. ಚನ್ನಬಸವ ಮೀಟರ್ ಹಿಡಿದು, "ನೀಲಿ ಬಾಳ ಜಾಸ್ತಿ ತೋರುಸ್ತಾ ಅದಲ್ಲ ರಂಜನಿ" ಎಂದ. ನಿನ್ನ ಮೀಟರ್ ಕೆಟ್ಟಿದೆ ಎಂದೆ ನಾನು. ಅವನು ಇನ್ನೊಂದು ಮೀಟರ್ ತರಿಸಿದ. ಅದೂ ಕೆಟ್ಟಿದೆ ಎಂದೆ.

ಕನ್ನಡಕದ ಪರೀಕ್ಷೆಗೆ ಒಂದು ರಾತ್ರಿ ಅಜ್ಜೀಪುರದ ಆಚೆ ಕಾಡಿನಂಚಿಗೆ ಹೋದೆವು. ಜಡಯ್ಯ ಮತ್ತೆ ನಾಲ್ವರು ವಾಚರ್‌ಗಳು. ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರ ಸಾಲು ಮುಗಿದು ರಸ್ತೆ ಖಾಲಿಯಾಗಿತ್ತು. ಜೋಳದ ಹೊಲದ ಕೊನೆಯಲ್ಲಿ ಆನೆಗಳಿದ್ದವು, ನಾವು ದೂರದ ಕಟ್ಟೆಯ ಮೇಲೆ. ಜಡಯ್ಯ ಕನ್ನಡಕ ಕಟ್ಟಿಕೊಂಡು ನೋಡಿದ, ಬಿಚ್ಚಿ ಗಾಜು ಒರೆಸಿ ಮತ್ತೆ ಕಟ್ಟಿಕೊಂಡು ನೋಡಿದ. ಆಮೇಲೆ ನನ್ನ ಮನಸ್ಸು ನೋಯದ ಹಾಗೆ ಬಹಳ ಜೋಪಾನವಾಗಿ ಕೇಳಿದ, "ಅವ್ವ, ನಾನು ಉಟ್ಟಾರಭ್ಯ ಈ ಕಾಡಲ್ಲೇ ಇವ್ನಿ. ಬದ್ನೇಕಾಯ್ ಬಣ್ಣದ ಆನೆ ಯಾವತ್ತೂ ನೋಡಿಲ್ಲ. ಇವು ಎಲ್ಲಿಂದ ಬಂದೋ?"

ನಾನು ಕಿತ್ತುಕೊಂಡು ನೋಡಿದೆ. ನಿಜ ಅತ್ತೆ, ಮೂರು ಆನೆ, ಮೂರೂ ಒಳ್ಳೆ ಎಳೆ ಬದನೇಕಾಯಿ. ಕೆಂಪು ಮಣ್ಣಿನ ಮೇಲೆ ನೀಲಿ ಸುರಿದರೆ ಇನ್ನೇನಾಗುತ್ತದೆ. ಆಕಡೆ ಈಕಡೆ ನೋಡಿದರೆ ಚನ್ನಬಸವನ ಬಿಳಿ ಶರ್ಟಿಗೆ ಯಾರೋ ನೀಲಿ ಹಾಕಿ ಹಾಕಿ ಒಗೆದ ಹಾಗಿತ್ತು. ಐವರೂ ವಾಚರ್‌ಗಳು ಅದನ್ನೇ ಹೇಳಿದರು. ಆದರೂ ವಾಪಸ್ ಬರುವಾಗ ಜೀಪಿನಲ್ಲಿ ನಾನು ಹನೂರಿನವರೆಗೂ ಜಗಳ ಆಡಿದೆ. ಐದು ಜನ ತಪ್ಪಿರಬಹುದು, ನಮ್ಮತ್ತೆ ಕಣ್ಣು ತಪ್ಪಲ್ಲ ಎಂದು. ಹೇಳುತ್ತಿರುವಾಗಲೇ ನನಗೆ ಗೊತ್ತಿತ್ತು, ನನ್ನ ಕಣ್ಣಿಗೂ ಅದು ಬದನೇಕಾಯಿಯೇ. ಬೇರೆ ಯಾವ ಊರಿನ ಎಂಜಿನಿಯರೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಅವರಿಗೆ ಇಂಥ ಅತ್ತೆ ಇರುವುದಿಲ್ಲ.

ಮಾರನೇ ದಿನ ಚನ್ನಬಸವ ಜಗಳವಾಡಲಿಲ್ಲ. ಒಂದು ಹಾಳೆ ತಂದು ಮುಂದೆ ಇಟ್ಟ. ನೀನು ಹದ ಹಿಡಿದಿದ್ದಕ್ಕೂ ಮೀಟರ್ ಹೇಳುವುದಕ್ಕೂ ಎಷ್ಟೆಷ್ಟು ವ್ಯತ್ಯಾಸ ಎಂದು ಇಪ್ಪತ್ತು ಬಣ್ಣಕ್ಕೆ ಗೆರೆ ಎಳೆದಿದ್ದ. ತಪ್ಪು ಮಾಡುವವರ ಕೈ ಒಮ್ಮೆ ಆ ಕಡೆ ಹೋಗುತ್ತದೆ, ಒಮ್ಮೆ ಈ ಕಡೆ. ನಿನ್ನದು ಹಾಗಿರಲಿಲ್ಲ. ಇಪ್ಪತ್ತು ಬಣ್ಣದಲ್ಲೂ ನೀಲಿ ಮಾತ್ರ, ಒಂದೇ ಅಳತೆಯಲ್ಲಿ ಜಾಸ್ತಿ. ನೇರ ಗೆರೆ. ಚನ್ನಬಸವ, "ನಿಮ್ಮತ್ತೆ ಒಂದು ಅಳದಿ ಗಾಜಿನ ಇಂದೆ ಕೂತ್ಕೊಂಡು ನೋಡುದ್ರೆ ಇಂಗೇ ಬರ್ತದೆ" ಎಂದ. ನಾನು ಹಾಳೆಯನ್ನು ಅಲ್ಲೇ ಬಿಟ್ಟು ಎದ್ದೆ.

ಆ ಗಾಬರಿಯಲ್ಲೇ ಓಡಿಬಂದು ನಾನು ಆ ಮಾತು ಆಡಿದ್ದು. ಸೀರೆ ವ್ಯಾಪಾರಿ ಮಲ್ಲಿಕಾರ್ಜುನಸ್ವಾಮಿ ಲಡಿ ತೆಗೆದುಕೊಂಡು ಹೋಗಲು ಬಂದು ಕೂತಿದ್ದರು, ಪುಟ್ಟಮಲ್ಲಮ್ಮ ಹಿಂಡುತ್ತಿದ್ದಳು. ಅವರಿಬ್ಬರ ಎದುರಿಗೆ, ಅತ್ತೆ, ನಿನ್ನ ಕಣ್ಣೇ ತಪ್ಪು ಎಂದುಬಿಟ್ಟೆ. ನೀನು ಹಂಡೆಯಲ್ಲಿದ್ದ ಕೋಲನ್ನು ನಿಧಾನವಾಗಿ ಎತ್ತಿಟ್ಟು, "ಈ ಬಣ್ಣದ್ ಮನೇಲಿ ನನ್ ಕಣ್ ಅಳಿಯೋಕೆ ನೀನ್ಯಾರೆ?" ಎಂದು ಒಳಗೆ ಹೋದೆ. ಅದಾದ ಮೇಲೆ ಬರೀ ಸಾರು.

ನಾನು ಹೇಳಬೇಕಾಗಿದ್ದದ್ದು ಅದಲ್ಲ. ಆ ಹಾಳೆಯ ನೇರ ಗೆರೆ ಹೇಳುತ್ತಿದ್ದ ಮಾತು ಬೇರೆ ಇತ್ತು, ನಾನು ಅರ್ಧ ಓದಿ ಓಡಿಬಂದೆ. ನಿನ್ನ ಕಣ್ಣು ತಪ್ಪಾಗಿದ್ದರೆ ಗೆರೆ ಸೊಟ್ಟಗಿರಬೇಕಿತ್ತು. ಅರವತ್ತೆರಡನೇ ವಯಸ್ಸಿನಲ್ಲಿ, ಕಗ್ಗತ್ತಲಲ್ಲಿ, ಮುಂದೆ ಒಂದು ಮಾದರಿಯೂ ಇಲ್ಲದೆ, ಬರೀ ನೆನಪಿನಿಂದ, ಇಪ್ಪತ್ತು ಬಣ್ಣಗಳನ್ನು ನೀನು ಕೂದಲೆಳೆ ತಪ್ಪದೆ ಹಿಡಿದಿದ್ದೆ. ನಮ್ಮ ಮೀಟರ್ ಕೂಡ ಇಪ್ಪತ್ತರಲ್ಲಿ ಎರಡು ಕಡೆ ತಡವರಿಸಿತ್ತು. ಕಣ್ಣು ಅದೇ ಕಣ್ಣು ಅತ್ತೆ, ಅದರ ಮುಂದೆ ಒಂದು ಹಳದಿ ಪರದೆ ಬಂದಿದೆ ಅಷ್ಟೇ. ನಿನಗೆ ನೆನಪಿರುವ ಬಿಳಿಯನ್ನು ಆ ಪರದೆ ದಾಟಿಸಿ ತೋರಿಸಬೇಕಾದರೆ ಅಷ್ಟು ನೀಲಿ ಬೇಕಾಯಿತು.

ಹಾಗಾದರೆ ಇಷ್ಟು ವರ್ಷ ಬಣ್ಣ ಹೇಗೆ ಸರಿ ಬರುತ್ತಿತ್ತು ಎಂದು ಕೇಳುತ್ತೀಯ. ನಾನೂ ಅದೇ ಯೋಚನೆ ಮಾಡಿದೆ. ಹಗಲಲ್ಲಿ ಮಾದರಿಯ ಲಡಿ ಒಂದು ಕೈಲಿ, ಹೊಸ ಲಡಿ ಇನ್ನೊಂದು ಕೈಲಿ. ಎರಡೂ ಅದೇ ಪರದೆಯ ಆಚೆ. ಎರಡಕ್ಕೂ ಒಂದೇ ಹಳದಿ, ಹಾಗಾಗಿ ಹೋಲಿಕೆ ಬಹುಮಟ್ಟಿಗೆ ಸರಿಯಾಗಿಯೇ ಬರುತ್ತಿತ್ತು. ಮಾದರಿ ಇಲ್ಲದ ಕಡೆ ಮಾತ್ರ ಕೈ ಕೊಟ್ಟಿತು. ಹೋದ ಕಾರ್ತೀಕದಲ್ಲಿ ಮಲ್ಲಿಕಾರ್ಜುನಸ್ವಾಮಿಯವರು ಬಾಯಲ್ಲೇ ತಿಳಿ ನೀಲಿ ಅಂಚು ಎಂದು ಹೇಳಿಹೋದದ್ದು ಗಾಢವಾಗಿ ಬಂತಲ್ಲ, ಅವರು ಹೆದರಿ ಹೆದರಿ ಹೇಳಿದರೆ ನೀನು "ಮೊದ್ಲು ಓಗಿ ನಿಮ್ ಕಣ್ ತೋರುಸ್ಕಳಿ ಸಾ" ಎಂದೆ. ಅವರು ಪಾಪ ಹೋಗಿ ತೋರಿಸಿಕೊಂಡೂ ಬಂದರಂತೆ. ಅವರ ಕಣ್ಣು ಚೆನ್ನಾಗಿದೆಯಂತೆ.

ಈಗ ಒಂದು ಕಳ್ಳತನ ಹೇಳಬೇಕು. ನಿನ್ನ ಹದದ ಲೆಕ್ಕವನ್ನು ನಾನು ತಿರುಗುಮುರುಗು ಮಾಡಿದೆ. ಎಷ್ಟು ನೀಲಿ ನೀನು ಹೆಚ್ಚಿಸಿದ್ದೆಯೋ ಅಷ್ಟನ್ನು ಕಡಿಮೆ ಮಾಡಿ ಕನ್ನಡಕಕ್ಕೆ ಹಾಕಿದೆ. ಹಾಗೆ ಮಾಡಿದರೆ ನಿನಗೆ ಕಾಣುವ ಲೋಕ ನನಗೂ ಕಾಣಬೇಕು. ಕಟ್ಟಿಕೊಂಡು ಸಂಜೆ ಮಹಡಿಯ ಕಿಟಕಿಯಲ್ಲಿ ನಿಂತೆ. ಬೀದಿಯೆಲ್ಲ ಹರಳೆಣ್ಣೆ ದೀಪದಲ್ಲಿ ನೋಡಿದ ಹಾಗಿತ್ತು. ಎದುರುಮನೆಯ ಸುಣ್ಣದ ಗೋಡೆ ಬೆಣ್ಣೆ. ನನ್ನ ನೀಲಿ ಕುರ್ತಾ ಕಪ್ಪು. ಆಕಾಶಕ್ಕೆ ಬಣ್ಣವೇ ಇಲ್ಲ. ಚಂದವೇ ಇತ್ತು, ಆದರೆ ಆ ಮಬ್ಬು ಹಳದಿಯಲ್ಲಿ ನಿಂತು ದಿನಕ್ಕೆ ನಲವತ್ತು ಲಡಿಗೆ ಬಣ್ಣ ಕಟ್ಟುವುದು ಎಂದರೆ ಏನು ಎಂದು ಯೋಚಿಸಿ ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಚನ್ನಬಸವ ಕನ್ನಡಕ ಒದ್ದೆಯಾಗುತ್ತದೆ ಬಿಚ್ಚು ಎಂದ.

ಆಗ ನನಗೆ ಆ ಗಂಟುಗಳು ನೆನಪಾದವು. ಎರಡು ವರ್ಷದಿಂದ ನೀನು ಲಡಿಗಳ ತುದಿಗೆ ಗಂಟು ಹಾಕುತ್ತಿದ್ದೀಯ. ನೀಲಿಗೆ ಒಂದು, ಕಪ್ಪಿಗೆ ಎರಡು. ಕೇಳಿದರೆ ಎಣಿಕೆಗೆ ಎಂದಿದ್ದೆ. ಬಣ್ಣದ ಡಬ್ಬಿ ನೀನು ತೆಗೆಯುವುದನ್ನು ಬಿಟ್ಟು ಪುಟ್ಟಮಲ್ಲಮ್ಮನ ಕೈಲಿ ತೆಗೆಸುತ್ತಿದ್ದೆ, ಮಂಡಿ ನೋವು ಎಂದಿದ್ದೆ. ಅದೇ ಮಂಡಿಯಲ್ಲಿ ನೀನು ಮಾದಪ್ಪನ ಬೆಟ್ಟ ಹತ್ತಿ ಬಂದೆ. ನಿನಗೆ ಗೊತ್ತಿತ್ತು ಅತ್ತೆ. ನನಗಿಂತ, ಮೀಟರಿಗಿಂತ ಮೊದಲೇ ಗೊತ್ತಿತ್ತು. ನೀನು ಮುನಿದದ್ದು ನಾನು ಸುಳ್ಳು ಹೇಳಿದೆನೆಂದಲ್ಲ, ಬಚ್ಚಿಟ್ಟಿದ್ದನ್ನು ನಾಲ್ಕು ಜನರ ಮುಂದೆ ಬಿಚ್ಚಿದೆನೆಂದು. ಅದಕ್ಕೆ ನೀನು ಇನ್ನೂ ಹತ್ತೊಂಬತ್ತು ದಿನ ಮಾತು ಬಿಟ್ಟರೂ ಸರಿಯೇ, ಕಣ್ಣು ತೋರಿಸಿಕೊಂಡು ಬಂದ ಮೇಲೆ ಬಿಡು.

ನಿನಗೆ ಯಾಕೆ ಭಯ ಎಂದೂ ನನಗೆ ಗೊತ್ತು. ಕೆಂಪನಂಜಪ್ಪಜ್ಜನಿಗೆ ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ಸೋಡಾ ಬಾಟಲಿಯಂಥ ಕನ್ನಡಕ ಕೊಟ್ಟರು, ಎಲ್ಲವೂ ನೀಲಿ ನೀಲಿ ಕಾಣುತ್ತದೆ ಎಂದು ಅವರು ಕಸುಬೇ ಬಿಟ್ಟರು, ಹಂಡೆ ನಿನಗೆ ಕೊಟ್ಟು ಜಗಲಿಯಲ್ಲಿ ಕೂತುಬಿಟ್ಟರು. ನಿನಗೂ ಹಾಗಾದರೆ? ನಾನು ಅದನ್ನೇ ಡಾಕ್ಟರಮ್ಮನನ್ನು ಕೇಳಿದೆ. ಆಗೆಲ್ಲ ಪೊರೆ ತೆಗೆದು ಹಾಗೇ ಬಿಡುತ್ತಿದ್ದರಂತೆ, ಈಗ ಒಳಗೇ ಒಂದು ಸಣ್ಣ ಮಸೂರ ಕೂರಿಸುತ್ತಾರಂತೆ. ಎಲ್ಲ ಆಪರೇಶನ್ನಿನ ಹಾಗೆ ಇದರಲ್ಲೂ ಒಂದಿಷ್ಟು ಅಪಾಯ ಇದ್ದೇ ಇರುತ್ತದೆ, ಆದರೆ ಬಹಳ ಕಡಿಮೆ ಎಂದರು. ಕೆಲವು ದಿನ, ಕೆಲವು ವಾರ ಲೋಕ ಸ್ವಲ್ಪ ನೀಲಿಯಾಗಿ ಕಾಣಬಹುದು, ಆಮೇಲೆ ಮನಸ್ಸು ಹೊಂದಿಕೊಳ್ಳುತ್ತದೆ ಎಂದರು. ಅಷ್ಟು ದಿನ ನೀನು ಬದನೇಕಾಯಿ ಆನೆ ನೋಡುತ್ತೀಯ, ನಾವೆಲ್ಲ ನೋಡಿ ಆಯಿತು. ಬೇಕಾದರೆ ಆ ದಿನಗಳಿಗೆ ನಿನಗೆಂದೇ ಒಂದು ಹದ ಹಾಕಿಕೊಡುತ್ತೇನೆ.

ಕನ್ನಡಕದ ಕಥೆ ಏನಾಯಿತು ಎಂದು ಪುಟ್ಟಮಲ್ಲಮ್ಮನ ಕೈಲಿ ನಾಲ್ಕು ಸಲ ಕೇಳಿಸಿದ್ದೀಯ, ತಾನಾಗಿ ಕೇಳಿದ ಹಾಗೆ ನಟಿಸು ಎಂದೂ ಹೇಳಿದ್ದೀಯ. ಅವಳು ಅದನ್ನೂ ಹೇಳಿದಳು. ಹದ ಸರಿಮಾಡಿದೆವು, ಹೋದ ಗುರುವಾರ ಮತ್ತೆ ಅಜ್ಜೀಪುರಕ್ಕೆ ಹೋದೆವು. ಜಡಯ್ಯ ಕಟ್ಟೆ ಹತ್ತಿ ನೋಡಿ, "ಅಕೋ, ಬಂಡೆ ಕಪ್ಪು. ಅದರ್ ಪಕ್ದಲ್ಲಿ ಕೆಂಪಗೆ ನಿಂತದೆ, ಕಿವಿ ಬೀಸ್ತಾ ಅದೆ" ಎಂದು, ಎಲ್ಲರನ್ನೂ ಹಳ್ಳದ ದಾರಿಯಲ್ಲಿ ಸುತ್ತಿಸಿ ಕರೆದುಕೊಂಡು ಹೋದ. ಆ ದಾರಿ ಬಿಟ್ಟು ನೇರ ಹೋಗಿದ್ದರೆ ಅದರ ಸೊಂಡಿಲ ಕೆಳಗೇ ಹೋಗುತ್ತಿದ್ದೆವು. ಅರಣ್ಯ ಇಲಾಖೆಯ ಸಾಹೇಬರು ಮಳೆಗಾಲ ಮುಗಿಯುವವರೆಗೆ ಹತ್ತು ಕನ್ನಡಕ ಬಳಸಿ ನೋಡಲು ಒಪ್ಪಿದ್ದಾರೆ. ಹತ್ತು ಹಣೆಮೆತ್ತೆ ಬೇಕು. ಹೊಲಿಯುವವಳು ನೀನೇ, ಸೂಜಿಗೆ ದಾರ ಪೋಣಿಸಲು ಪುಟ್ಟಮಲ್ಲಮ್ಮನನ್ನು ಕರೆಯುವ ಹಾಗಿಲ್ಲ.

ಜಡಯ್ಯ ನಿನ್ನ ವಿಷಯ ಕೇಳಿ ನಕ್ಕು, "ಅಂಗಾರೆ ಆ ಅವ್ವನ್ ಕಣ್ಣೇ ಮದ್ಲು ರಿಪೇರಿ ಮಾಡುಸ್ರವ್ವ, ಮುಂದ್ಲ ಸಲ ಅವ್ರೇ ಬಂದು ನಮ್ ಆನೆ ಬಣ್ಣ ನೋಡ್ಲಿ" ಎಂದಿದ್ದಾನೆ. ನೀನು ಬರುತ್ತೀಯ ಎಂದು ನಾನು ಮಾತು ಕೊಟ್ಟಿದ್ದೇನೆ.

ಈ ಕಾಗದದ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ಅದರಲ್ಲಿ ಎರಡು ಲಡಿ. ಒಂದು ಬಿಳಿ. ಇನ್ನೊಂದನ್ನು ನಾನೇ ನನ್ನ ಕೈಯಾರೆ ಒಂದೇ ಒಂದು ಸಲ ಅದ್ದಿದ್ದೇನೆ. ಮೂಸಿ ಪ್ರಯೋಜನವಿಲ್ಲ, ಅರಿಶಿನ ಹಾಕಿಲ್ಲ, ವಾಸನೆ ಇಲ್ಲದ ಹಳದಿ ಬಣ್ಣ. ನಾಲಗೆಗೆ ಹಚ್ಚಿದರೂ ತಿಳಿಯುವುದಿಲ್ಲ, ಗಂಟೂ ಹಾಕಿಲ್ಲ. ಹಗಲು ಬೆಳಕಿಗೆ ಹಿಡಿದು ನೋಡು. ಯಾವುದು ಬಿಳಿ ಎಂದು ತಿಳಿದರೆ ಮಂಗಳವಾರದ ಮಾತನ್ನು ನಾನು ಇನ್ನು ಎತ್ತುವುದಿಲ್ಲ. ನೀನು ಸುಳ್ಳು ಹೇಳುವವಳಲ್ಲ ಎಂದು ಗೊತ್ತು.

ಆದರೆ ನಿನ್ನನ್ನೂ ನಾನು ಬಲ್ಲೆ. ಪೊಟ್ಟಣ ಬಿಚ್ಚದೆ ಅಟ್ಟದ ಮೇಲೆ ಎಸೆದು, ಇವಳ ಪರೀಕ್ಷೆಗೆ ನಾನು ಕೂರುವುದೇ ಎಂದು ಬಾಗಿಲಿಗೆ ಬೆನ್ನು ಹಾಕಿ ಕೂರುತ್ತೀಯ. ಅದಕ್ಕೇ ನಿನಗೆ ತಿಳಿಯದ ಹಾಗೆ ಇನ್ನೊಂದು ಪರೀಕ್ಷೆ ಇಟ್ಟಿದ್ದೇನೆ. ನೀನು ಆಗಲೇ ಅದಕ್ಕೆ ಕೂತು ಮುಗಿಸಿದ್ದೀಯ. ಮೊದಲ ಸಾಲಿನಿಂದ ಇಲ್ಲಿಯವರೆಗೆ ಈ ಹನ್ನೊಂದು ಹಾಳೆಯನ್ನು ನಾನು ಯಾವ ಬಣ್ಣದ ಇಂಕಿನಲ್ಲಿ ಬರೆದಿದ್ದೇನೆ ಹೇಳು?

ಕಪ್ಪು ಎಂದೆಯಾ? ಪುಟ್ಟಮಲ್ಲಮ್ಮನನ್ನು ಕರೆದು ಕೇಳು. ನನ್ನ ಏಳನೇ ವಯಸ್ಸಿನಲ್ಲಿ, ಪರೀಕ್ಷೆ ಗೆದ್ದ ದಿನ, ನೀನು ನನ್ನ ಲಂಗಕ್ಕೆ ಹಾಕಿಕೊಟ್ಟ ಆ ನವಿಲುಕತ್ತಿನ ನೀಲಿ. ಅದನ್ನೇ ಹುಡುಕಿ ಮೈಸೂರಿನಿಂದ ಈ ಪೆನ್ನು ತರಿಸಿದೆ. ಅದು ನಿನ್ನ ಬಣ್ಣ ಅತ್ತೆ. ಅದನ್ನು ನೀನು ಮತ್ತೆ ನೋಡಬೇಕು.

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಯಳಂದೂರಿನ ಬಸ್ ಹತ್ತಿರ ನಿಂತಿರುತ್ತೇನೆ. ಮಾತಾಡಬೇಡ, ಪಕ್ಕದಲ್ಲಿ ಸುಮ್ಮನೆ ಕೂರು, ಕಿಟಕಿ ಸೀಟು ನಿನಗೇ. ಬುತ್ತಿ ಮಾತ್ರ ತಾ. ಈ ಕಾಗದವನ್ನು ಒಲೆಗೆ ಹಾಕದೆ ಮಡಿಚಿ ಬಿಳಿ ಲಡಿಯ ಜೊತೆ ಟ್ರಂಕಿನಲ್ಲಿಡು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಇದನ್ನೇ ಮೊದಲು ತೆಗೆದು ಓದು.

ನಿನ್ನ ಕಣ್ಣೇ ನನ್ನ ಕಣ್ಣು ಎಂದು ನಂಬಿ ಬೆಳೆದವಳನ್ನು ಬೈದಾದರೂ ಹರಸು. ಮಾದಪ್ಪ ನಿನ್ನ ಎರಡು ಕಣ್ಣನ್ನೂ ನಿನ್ನ ಹಿತ್ತಿಲ ಗಳದ ಮೇಲಿನ ಲಡಿಯಷ್ಟು ತಿಳಿಯಾಗಿ ಇಟ್ಟಿರಲಿ.

ಬಸ್‌ಸ್ಟ್ಯಾಂಡಿನಲ್ಲಿ ಕಾಯುವ,
ನಿನ್ನ ಕಳ್ಳಿ,
ಶಿವರಂಜನಿ